ಅಕ್ಕನ ಅಳತೆ

"ಟಯರಿಗೆ ಗಾಳಿ ಯಾಕೆ ಹುಡುಕ್ತೀರಿ ಭಾವ, ನಿಮ್ಮ ತಲೇಲೇ ಬೇಕಾದಷ್ಟಿದೆಯಲ್ಲ!"

ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಿಡಿಸಲು ಸಾಲುಗಟ್ಟಿದ್ದವರೆಲ್ಲ ನಕ್ಕರು. ಹಿಂದೆ ಸ್ಕೂಟರ್ ಹಿಡಿದು ನಿಂತಿದ್ದ ಪೇಂಟರ್ ಒಬ್ಬ ಕಿವಿ ನೆಟ್ಟಗೆ ಮಾಡಿಕೊಂಡ. ಹಾಗಂದವನು ಭಾವನ ಹೆಂಡತಿಯ ತಮ್ಮ. ಅನ್ನಿಸಿಕೊಂಡ ಭಾವ ಬೆಟ್ಟ ಹತ್ತುವ ಎತ್ತರದ ಬೈಕಿಗೆ ಹೊಸದಾಗಿ ಸೈಡ್‌ಕಾರ್ ಕೂರಿಸಿಕೊಂಡು ಬಂದಿದ್ದ.

"ಮೆತ್ತಗೆ ಮಾತಾಡೋ. ನಿಮ್ಮಕ್ಕನಿಗೋಸ್ಕರಾನೇ ಮಾಡಿಸಿದ್ದು."

"ಹಿಂದೆ ಕೂರಿಸಿ ಬೀಳಿಸಿದ್ದಾಯ್ತು. ಇನ್ನು ಪಕ್ಕದಲ್ಲಿ ಕೂರಿಸಿ ಬೀಳಿಸ್ತೀರಾ?"

"ಮೂರು ಚಕ್ರ ಕಣೋ, ಬೀಳಲ್ಲ. ಹಿಂದೆ ಟೆಂಟಿಗೆ ಜಾಗ ಬಿಡಿಸಿದೀನಿ, ಮುಂದೆ ಟೂಲ್ ಬಾಕ್ಸ್ ಇಡಿಸಿದೀನಿ."

"ಅಕ್ಕನ್ನ ಕೂರಿಸಿ ಅಳತೆ ತಗೊಂಡ್ರಾ?"

"ಅವಳಿಗಿನ್ನೂ ಹೇಳಿಲ್ಲ. ನಾನೇ ಕೂತು ನೋಡ್ದೆ, ಆರಾಮಾಗಿತ್ತು."

"ಇರದೆ ಏನು, ನಿಮ್ಮ ಮಂಡಿ ಮಡಚುತ್ತಲ್ಲ! ಆವತ್ತು ಬಿದ್ದಾಗಿಂದ ಅವಳ ಬಲಗಾಲು ಕೋಲಿನ ಹಾಗೆ ನೆಟ್ಟಗಿದೆ. ಒಂದೇ ಮನೇಲಿದ್ದೂ ಕಾಣಲಿಲ್ವಾ? ಆ ಕಾಲನ್ನ ಎಲ್ಲಿ ಚಾಚ್ಬೇಕು, ಟೂಲ್ ಬಾಕ್ಸ್ ಒಳಗಾ?"

ಈ ಸಲ ಯಾರೂ ನಗಲಿಲ್ಲ. ಭಾವ ಬಗ್ಗಿ ಸೈಡ್‌ಕಾರಿನೊಳಗೆ ನೋಡಿದ. ಸೀಟಿಗೂ ಟೂಲ್ ಬಾಕ್ಸಿಗೂ ನಡುವೆ ಇದ್ದದ್ದು ಒಂದು ಗೇಣು ಜಾಗ. ಅಷ್ಟರಲ್ಲಿ ಅವನ ಸರದಿ ಬಂತು. ಬೈಕನ್ನು ಅಲ್ಲೇ ಬಿಟ್ಟು, ಮಡಚುವ ಎರಡೂ ಕಾಲುಗಳಲ್ಲಿ ಬಿರಬಿರನೆ ನಡೆದುಹೋದ.