ಹುತ್ತರಿಗೆ ಬಿಟ್ಟ ಹೊಗೆಸೊಪ್ಪು

…ನಗಬೇಡ ಕಣೆ ನೀಲಾವತಿ, ಮೊದಲು ಈ ಕಾಲು ನೋಡು! ನಿನ್ನ ಸೋದರಮಾವ ಕೆಂಪಣ್ಣ ಹೊಗೆಸೊಪ್ಪು ಬಿಟ್ಟಿದ್ದಾನೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ? ಮೊಣಕಾಲಿಂದ ಹಿಮ್ಮಡಿವರೆಗೂ ಜಿಗಣೆ ಕಚ್ಚಿದ ಗುರುತು! ಬಾಯಿಗೆ ಹಾಕುತ್ತಿದ್ದ ಕಾಲದಲ್ಲಿ ಒಂದಾದರೂ ಹತ್ತಿರ ಸುಳಿಯುತ್ತಿತ್ತಾ? ಈ ಪಾಲಿಬೆಟ್ಟದ ತೋಟದಲ್ಲಿ ಮಿಕ್ಕವರೆಲ್ಲ ಕಾಲಿಗೆ ಹೊಗೆಸೊಪ್ಪಿನ ನೀರು ಬಳಿದುಕೊಂಡು ಕಳೆ ತೆಗೆಯೋಕೆ ಇಳಿದರೆ, ನಾನು ಬರಿಗಾಲಲ್ಲಿ, ರಾಜನ ಹಾಗೆ! ನನ್ನ ರಕ್ತವೇ ಹೊಗೆಸೊಪ್ಪಿನ ಕಷಾಯ ಆಗಿತ್ತಲ್ಲ… ಒಂದು ಸಲ ಯಾವುದೋ ಎಳೇ ಜಿಗಣೆ, ಪಾಪ, ಗೊತ್ತಿಲ್ಲದೆ ಕಚ್ಚಿಬಿಡ್ತು. ತಲೆ ತಿರುಗಿ ಬಿತ್ತು. ಎದ್ದದ್ದೇ ನೆಟ್ಟಗೆ ತೋಟದ ಲೆಕ್ಕ ಬರೆಯೋ ರೈಟರ್ ಪೊನ್ನಪ್ಪನ ಮುಂದೆ ಹೋಗಿ, ಕೈಮುಗಿದು, ‘ಸ್ವಾಮಿ, ನನ್ನನ್ನ ತಿತಿಮತಿ ಕಾಡಿಗೆ ವರ್ಗ ಮಾಡಿಬಿಡಿ’ ಅಂತು! ಏನು? ಜಿಗಣೆಗೆ ಕೈಯೆಲ್ಲಿ ಅಂತೀಯಾ? ಪೊನ್ನಪ್ಪನೂ ಅದನ್ನೇ ಕೇಳಿದ. ‘ಸಂಕಟ ಬಂದರೆ ಕೈ ತಾನಾಗಿ ಬರುತ್ತೆ ಸ್ವಾಮಿ’ ಅಂತು!

ಹಾಂ… ಹಾಗೆ ನಗು. ಎಷ್ಟು ದಿನ ಆಗಿತ್ತು, ಈ ಕೂಲಿ ಲೈನ್ ಮನೆಯೊಳಗೆ ಯಾರಾದರೂ ನಕ್ಕು.

ಬಿಟ್ಟದ್ದು ಹೇಗೆ ಗೊತ್ತಾ? ಹೋದ ಹುತ್ತರಿ ಹಬ್ಬಕ್ಕೆ, ಮಾರ್ಗಶಿರದಲ್ಲಿ. ಕದಿರು ಕುಯ್ದು ಕೋವಿ ಹಾರಿಸಿದ ಸದ್ದು ಕೇಳಿತು ನೋಡು, ಆಗಲೇ ಎಲೆ, ಸುಣ್ಣ, ಹೊಗೆಸೊಪ್ಪು ಎಲ್ಲ ಇದ್ದ ಸಂಚಿ ತಗೊಂಡು ತೊರೆಗೆ ಎಸೆದೆ! ಮೀನೆಲ್ಲ ಸೀನಿದ್ದೇ ಸೀನಿದ್ದು. ಇಡೀ ಕೊಡಗು ರಾಜ್ಯ ಆಳೋಕೆ ಒಬ್ಬ ಚೀಫ್ ಕಮಿಷನರ್, ಹೊಗೆಸೊಪ್ಪು ಬಿಡೋಕೆ ಒಬ್ಬ ಕೆಂಪಣ್ಣ!

ಆದರೆ… ಒಂದು ಗೊತ್ತಿರಲಿಲ್ಲ ಕಣವ್ವ. ಸಂಜೆ ಹೊತ್ತು ನಲ್ಲಿಕಟ್ಟೆ ಮೇಲೆ ಎಲ್ಲ ಕೂರ್ತೀವಲ್ಲ, ಅಲ್ಲಿ ಸಂಚಿ ಕೈಯಿಂದ ಕೈಗೆ ಹೋಗುತ್ತೆ. ಕೈಗೆ ಬಂದವನು ಒಂದು ಚೂರು ಮುರಿದುಕೊಂಡು, ಏನಾದರೂ ಒಂದು ಮಾತು ಆಡಿ, ಪಕ್ಕದವನಿಗೆ ಕೊಡಬೇಕು. ಅದು ನಮ್ಮ ಲೈನಿನ ಪದ್ಧತಿ. ನಿಮ್ಮತ್ತೆ ಹೋದಮೇಲೆ ನಾನು ಉಸಿರಾಡಿದ್ದೇ ಆ ಕಟ್ಟೆ ಮೇಲೆ. ಈಗ ಪಕ್ಕದಲ್ಲಿ ಕೂರೋ ಸುಬ್ಬ ನನ್ನ ಎದೆ ಮುಂದಿನಿಂದಲೇ ಕೈಚಾಚಿ ಆಚೆಯವನಿಗೆ ಸಂಚಿ ದಾಟಿಸ್ತಾನೆ. ಸಂಚಿ ದಾಟಿತು, ಮಾತೂ ದಾಟಿತು. ಯಾರದ್ದೂ ತಪ್ಪಲ್ಲ… ಹಾಕದವನಿಗೆ ಕೊಟ್ಟು ಆಸೆ ಹುಟ್ಟಿಸಬಾರದಲ್ಲ. ಹೋಗೋದನ್ನೇ ಬಿಟ್ಟೆ. ಈಗ ಕಥೆಯೆಲ್ಲ ನಮ್ಮ ಹೇಂಟೆಗೆ ಹೇಳೋದು. ತಲೆ ಓರೆ ಮಾಡಿ ಚೆನ್ನಾಗಿ ಕೇಳುತ್ತೆ. ನಗೋದೊಂದಿಲ್ಲ.

ತಟ್ಟೆ ಯಾಕೆ ನೋಡ್ತೀಯ? ತಿಂತೀನಿ, ತಿಂತೀನಿ. ನಿಮ್ಮಮ್ಮ ಕುಶಾಲನಗರದಿಂದ ಅಕ್ಕಿರೊಟ್ಟಿ, ಎಳೆಬಿದಿರಿನ ಕಣಿಲೆ ಸಾರು ಕಳಿಸಿದರೆ ಬಿಡ್ತೀನಾ? ಆರಲಿ ಅಂತ ಬಿಟ್ಟಿದ್ದೆ. ಏನು, ಆಗಲೇ ಆರಿದೆಯಾ?… ಖಾರ ಕಣೆ ಸ್ವಲ್ಪ. ನಾನು ಗಾಂಧಾರಿ ಮೆಣಸನ್ನ ಕಡಲೆಕಾಯಿ ಹಾಗೆ ಜಗಿದವನು! ಹೆದರಿಕೆ ಏನಿಲ್ಲ. ಎಡದವಡೆ ಒಳಗೆ ಒಂಚೂರು ಉರಿ, ಅಷ್ಟೇ. ಸುಣ್ಣ ಸುಟ್ಟದ್ದು. ಎಲೆಗೆ ಸುಣ್ಣ ಜಾಸ್ತಿಯಾದರೆ ಎಲ್ಲರಿಗೂ ಆಗುತ್ತೆ, ತುಪ್ಪ ಸವರಿದರೆ ಮಾಯುತ್ತೆ…

ಏನು? ನಗು ಎಲ್ಲಿ ಹೋಯ್ತು? ಬೆರಳು ಮಡಚಿ ಏನು ಎಣಿಸ್ತಿದ್ದೀಯ? ಪುಷ್ಯ, ಮಾಘ… ಓಹೋ. ಹುತ್ತರಿಗೆ ಬಿಟ್ಟವನ ಬಾಯಿ ಆಷಾಢದಲ್ಲಿ ಸುಣ್ಣಕ್ಕೆ ಹೇಗೆ ಸುಟ್ಟಿತು ಅಂತ…

ಬಿಟ್ಟದ್ದು ಸುಳ್ಳಲ್ಲ ಮಗಳೇ. ನಿನ್ನಾಣೆ. ಸುಳ್ಳಾಗಿದ್ದರೇ ಚೆನ್ನಾಗಿತ್ತು. ಸುಣ್ಣ ಅಂತಲೇ ನಂಬಿಕೊಂಡು ಇರಬಹುದಿತ್ತು.

ತೋಟದ ಡಾಕ್ಟರು ಹುಣ್ಣು ನೋಡಿದರು. ಹೊಳೆ ದಾಟಿ ಮೈಸೂರಿನ ದೊಡ್ಡಾಸ್ಪತ್ರೆಗೆ ಹೋಗು, ತಡ ಮಾಡಬೇಡ, ಜೊತೆಗೆ ಮನೆಯವರನ್ನ ಯಾರನ್ನಾದರೂ ಕರಕೊಂಡು ಹೋಗು ಅಂದರು. ಯಾರನ್ನಾದರೂ… ಅಂದರೆ ಯಾರನ್ನ?

ಬೈ ತಾಯಿ. ಬೈ. ‘ಮಾವ, ನೀನೊಬ್ಬ ದಡ್ಡ’ ಅನ್ನು… ಎಲ್ಲಿಗೆ ಎದ್ದೆ? ಹೊರಟೆಯಾ?… ಓ, ಬೆಳಕಿಗಾ. ಬಾಗಿಲ ಹತ್ತಿರ ಬರಬೇಕಾ. ಬಂದೆ, ಬಂದೆ. ಇಲ್ಲಿ ಕೂರಲಾ? ಗಲ್ಲ ಹಿಡೀಬೇಡ, ನಾನೇ ತೆರೀತೀನಿ.

ಆದರೆ ನೀಲಾ… ಬಾಯಿ ತೆರೆದರೆ ನನಗೆ ಮಾತಾಡೋಕಾಗಲ್ಲ. ಆಗ ನೀನಾದರೂ ಏನಾದರೂ ಹೇಳ್ತಿರು. ಸುಳ್ಳಾದರೂ ಪರವಾಗಿಲ್ಲ.

ಆ…