ಬಟ್ಟೆ ಒಳಗೆ ತಂದುಕೊಳ್ಳಿ

ಮಾನ್ಯ ಅಧ್ಯಕ್ಷರೇ, ನನ್ನ ಬಗ್ಗೆ ನನಗೇ ಗೊತ್ತಿಲ್ಲದಷ್ಟು ಒಳ್ಳೆಯ ಮಾತಾಡಿದ ಮುಖ್ಯ ಅತಿಥಿಗಳೇ, ಮೂವತ್ತೊಂದು ವರ್ಷ ನನ್ನ ದನಿ ಕೇಳಿ ಸಾಕಾಗದೆ ಇವತ್ತು ಮುಖವನ್ನೂ ನೋಡಲು ಬಂದಿರುವ ಸಭಿಕರೇ,

ರೇಡಿಯೋದಲ್ಲಿ ಹವಾಮಾನ ವರದಿ ಓದುವವನಿಗೂ ಬೀಳ್ಕೊಡುಗೆ ಸಮಾರಂಭವೇ? ಮಳೆಯಿಲ್ಲ ಎಂದು ನಾನು ಹೇಳಿದ ದಿನ ತೊಯ್ದು ತೊಪ್ಪೆಯಾದವರು ಕೈ ಎತ್ತಿ ಎಂದರೆ ಈ ಸಭಾಂಗಣದಲ್ಲಿ ಬರೀ ಕೈಗಳೇ ಕಂಡಾವು.

ಅಧ್ಯಕ್ಷರು ಒಂದು ವಿಷಯಕ್ಕೆ ನನ್ನನ್ನು ತುಂಬ ಹೊಗಳಿದರು. ಶೇಕಡಾ ಇಷ್ಟು ಎಂದು ಅಂಕಿ ಓದಿ ಸುಮ್ಮನಾಗದೆ, ಕೊಡೆ ಹಿಡಿದು ಹೊರಡಿ, ಕಿಟಕಿ ಮುಚ್ಚಿಕೊಳ್ಳಿ ಎಂದು ಕೊನೆಗೊಂದು ಸಾಲು ಸೇರಿಸುವ ಪದ್ಧತಿ ತಂದವನು ನಾನಂತೆ. ಅದು ಜನರ ಮೇಲಿನ ಕಾಳಜಿಯಂತೆ. ಹೌದು ಎಂದು ತಲೆದೂಗಿ ಕೂರಬಹುದಿತ್ತು. ಆದರೆ ನಿಜ ಬೇರೆಯೇ ಇದೆ.

ನಾನು ಅಂಕಿಯ ಮನುಷ್ಯ. ಮಳೆ ಬರುತ್ತದೆಯೇ ಎಂದು ಫೋನ್ ಮಾಡಿದವರಿಗೆಲ್ಲ ಶೇಕಡಾ ಮೂವತ್ತು ಎಂದು ಹೇಳಿ ಇಟ್ಟುಬಿಡುತ್ತಿದ್ದೆ. ಮನೆಯಲ್ಲೂ ಅದೇ. ಬಾಲ್ಕನಿಯ ತಂತಿಯ ಮೇಲೆ ಬಟ್ಟೆ ಹರವುತ್ತ ನನ್ನ ಹೆಂಡತಿ ಕೇಳುವಳು: "ಅದೆಲ್ಲ ಇರ್ಲಿ ರೀ, ಬಟ್ಟೆ ಒಳಗೆ ತರ್ಲಾ, ಬೇಡ್ವಾ?" ನಾನು ಮತ್ತೆ ಶೇಕಡಾ ಮೂವತ್ತು ಎನ್ನುತ್ತಿದ್ದೆ. ಗಾಳಿಗೆ ಉಬ್ಬಿದ ಬಿಳಿ ಹೊದಿಕೆಯ ಆಚೆ ಅವಳ ನೆರಳು ನಗುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ಮೊದಲು ಆ ಬಿಳಿ ಕಾಣುತ್ತದೆ, ಆಮೇಲೆ ನಿಧಾನವಾಗಿ ಅವಳು.

ಹದಿನೈದು ವರ್ಷದ ಹಿಂದೆ ಅವಳು ಆಸ್ಪತ್ರೆ ಸೇರಿದಳು. ಉಳಿಯುವ ಸಾಧ್ಯತೆ ಶೇಕಡಾ ಮೂವತ್ತು ಎಂದು ಡಾಕ್ಟರು ಹೇಳಿದರು. ಸಾವಿರ ಸಲ ಓದಿದ ಅಂಕಿ, ಅಂದು ನನಗೇ ಅರ್ಥವಾಗಲಿಲ್ಲ. ಒಳಗೆ ಹೋಗಿ ಅವಳಿಗೂ ಅದನ್ನೇ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಮೂವತ್ತು ಅಂದ್ರೆ ಬಟ್ಟೆ ಒಳಗೆ ತರ್ಬೇಕಾ, ಬೇಡ್ವಾ? ಬಿಡಿಸಿ ಹೇಳಿ. ತರ್ಬೇಕು ಅಂದ್ರೆ ತಂಗೀನ ಕರೆಸ್ಕೋತೀನಿ."

ಅವಳೊಡನೆ ಆರು ವರ್ಷದಿಂದ ಮಾತು ಬಿಟ್ಟಿದ್ದ ತಂಗಿ. ಹೇಡಿಯ ಹಾಗೆ ಎದ್ದು ಬಂದೆ.

ಮರುದಿನ ಬೆಳಿಗ್ಗೆ ಸ್ಟುಡಿಯೋದಲ್ಲಿ ಕೂತಾಗ, ಅವಳ ದಿಂಬಿನ ಪಕ್ಕ ರೇಡಿಯೋ ಇದೆ ಎಂಬುದೊಂದೇ ತಲೆಯಲ್ಲಿತ್ತು. ವರದಿ ಓದಿದೆ. ಶುಭ್ರ ಆಕಾಶ, ದಿನವಿಡೀ ಬಿಸಿಲು, ಮಳೆಯ ಸಾಧ್ಯತೆ ಇಲ್ಲ. ಆಮೇಲೆ ಕಾಗದದಲ್ಲಿ ಇಲ್ಲದ ಒಂದು ಸಾಲು ಹೇಳಿದೆ: "ಬಟ್ಟೆ ಒಳಗೆ ತಂದುಕೊಳ್ಳಿ."

ಅವಳಿಗೆ ಹೇಳಿದ್ದನ್ನು ಊರಿಗೆ ಊರೇ ಕೇಳಿಸಿಕೊಂಡಿತು. ಒಣಗದ ಬಟ್ಟೆಗಳೆಲ್ಲ ಒಳಗೆ ಹೋದವು. ಒಂದು ಹನಿ ಬೀಳಲಿಲ್ಲ. ರೇಡಿಯೋ ಕೇಂದ್ರದವರು ನನ್ನಿಂದ ವಿವರಣೆ ಕೇಳಿದರು. ಆದರೆ ಅಂಕಿಗಿಂತ ಆ ಸಾಲೇ ವಾಸಿ, ಸರಿಯಾದ ದಿನ ನೋಡಿ ಹೇಳಿ ಎಂದು ಕೇಳುಗರು ಪತ್ರ ಬರೆದರು. ಪದ್ಧತಿ ಹುಟ್ಟಿದ್ದು ಹೀಗೆ.

ಸಂಜೆ ವಾರ್ಡಿಗೆ ಹೋದಾಗ ತಂಗಿ ಮಂಚದ ಮೇಲೆ ಕೂತು ಅಕ್ಕನ ತಲೆ ಬಾಚುತ್ತಿದ್ದಳು. ನನ್ನವಳು ಇತ್ತ ತಿರುಗಿ, "ಕೇಳಿಸ್ತು" ಎಂದಳು. ಆಮೇಲೆ ಒಂಬತ್ತು ದಿನ ಇದ್ದಳು. ಅಕ್ಕತಂಗಿಯರ ಮಾತು ಒಂಬತ್ತು ದಿನವೂ ಮುಗಿಯಲಿಲ್ಲ.

ಅಂದು ಸುಡುಬಿಸಿಲಲ್ಲಿ ಬಟ್ಟೆ ಒಳಗೆ ತಂದುಕೊಂಡ ತಾಯಂದಿರು ನನ್ನನ್ನು ಕ್ಷಮಿಸಬೇಕು. ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರಿಗೂ ನಾನು ಋಣಿ. ಇನ್ನು ಕೊನೆಯ ವರದಿ. ಇವತ್ತು ಸಂಜೆ ಮಳೆಯ ಸಾಧ್ಯತೆ ಶೇಕಡಾ ಮೂವತ್ತು. ಬಟ್ಟೆ ಒಳಗೆ ತಂದುಕೊಳ್ಳಿ. ನಾನು ಬರುವ ಮುಂಚೆಯೇ ತಂದಿಟ್ಟಿದ್ದೇನೆ. ಒಬ್ಬನ ಬಟ್ಟೆ, ಎರಡು ನಿಮಿಷದ ಕೆಲಸ.

ನಮಸ್ಕಾರ.