ದಿ. 1

ಕತೆ ಅಂತ ಕೇಳಬೇಡಿ. ಅಬ್ಬಿಗೇರಿಯಲ್ಲಿ ನಮ್ಮ ಹಿತ್ತಿಲಿಗೆ ಹತ್ತಿದ ಮನೆ ಮುಜಫ್ಫರನದು. ಅವನಿಗೇ ಆದದ್ದು.

ಕಡೇ ಬಸ್ಸು ಇಳಿಸಿ ಹೋದಾಗ ಊರೆಲ್ಲ ಮಲಗಿತ್ತು. ಮುಜಫ್ಫರ ಸುತ್ತಿದ ಬ್ಯಾನರನ್ನು ಬಗಲಲ್ಲಿ ಇಟ್ಟುಕೊಂಡು ಆಲದ ಮರದ ಕಡೆ ನಡೆದ. ಮರದ ಪಕ್ಕಕ್ಕೇ ಹಾಳು ಬಾವಿ. ಹೋದ ವರ್ಷ ಮುದುಕವ್ವ ಬಿದ್ದು ಸತ್ತದ್ದು ಅದರಲ್ಲೇ. ಬದುಕಿದ್ದಾಗಲೇ ಆಕೆಯ ಬಾಯಿಗೆ ಊರು ಹೆದರುತ್ತಿತ್ತು.

ತಪ್ಪು ಮುಜಫ್ಫರನದೇ. ರೋಣದಲ್ಲಿ ಅವನದು ಬ್ಯಾನರ್ ಅಂಗಡಿ. ಗಿರಾಕಿಗಳು ಕಳಿಸಿದ ಬರಹವನ್ನು ಕೈಯಿಂದ ತಿದ್ದುವ ಪೈಕಿ ಅಲ್ಲ ಆಸಾಮಿ. ಕಂಪ್ಯೂಟರಿಗೆ ಒಂದೇ ಸಾಲಿನ ಆಜ್ಞೆ ಕೊಟ್ಟು ತಿದ್ದಿಸುವ ಜಾಣ. ‘ದಿ.’ ಆದಮೇಲೆ ಬರುವ ಹೆಸರನ್ನು ಕಂಸದಲ್ಲಿ ಹಿಡಿಯಬೇಕು. ಆಮೇಲೆ ಓರೆಗೆರೆ ಹಾಕಿ 1 ಅಂತ ಒತ್ತಿದರೆ, ಹಿಡಿದ ಹೆಸರು ಅಲ್ಲಿ ಬಂದು ಕೂಡುತ್ತದೆ. ಅವತ್ತು ಅವಸರದಲ್ಲಿ ಓರೆಗೆರೆ ಬಿಟ್ಟ. ಹೆಸರು ಒಳಗೇ ಉಳಿಯಿತು, ಬರೀ 1 ಹೊರಗೆ ಬಂತು. ಬ್ಯಾನರಿನ ತುಂಬ ದಪ್ಪ ಅಕ್ಷರದಲ್ಲಿ ‘ದಿ. 1 ಅವರ ಪುಣ್ಯಸ್ಮರಣೆ’!

ಮರಕ್ಕೆ ಕಟ್ಟಿದ ಮೇಲೆ ಓದಿದ ಮುದುಕವ್ವನ ಮಗ ಸಿದ್ದಲಿಂಗ ಫೋನಿನಲ್ಲೇ ಮೈಮೇಲೆ ಬಂದ.

“ಸತ್ತ ನಮ್ಮವ್ವಗ ನಂಬರ್ ಹಾಕೀಯೇನಲೇ? ಬೆಳಗಾಗೂದ್ರಾಗ ಬದಲ ಮಾಡು. ಇಲ್ಲಾಂದ್ರ ಅಂಗಡಿ ಕಿತ್ತಿ ಒಗೀತೀನಿ.”

ಈಗ ಮರದ ಹತ್ತಿರ ಗಾಳಿ ಇರಲಿಲ್ಲ. ಆದರೂ ಹಳೇ ಬ್ಯಾನರು ಪಟ... ಪಟ... ಅನ್ನುತ್ತಿತ್ತು. ಮುಜಫ್ಫರ ಹಗ್ಗ ಬಿಚ್ಚಿ ಹೊಸದನ್ನು ಕಟ್ಟಿದ. ಮೊಬೈಲಿನ ಬೆಳಕಲ್ಲಿ ಓದಿದ. ದಿ. ಮುದುಕವ್ವ. ಸದ್ಯ ಪಾರಾದೆ ಅಂದುಕೊಂಡ.

ಬಾವಿಯ ಗಾಲಿ ಕಿರ್ರ್... ಅಂದಿತು.

“ಒಂದು... ನಾನು.”

ಹೆಂಗಸಿನ ಪಿಸುದನಿ. ಮಾತಿನ ನಡುವೆ ಹಲ್ಲು ಕಟಕಟ ಕಡಿಯುವ ಸದ್ದು.

“ತಪ್ಪಾತಬೇ ಯವ್ವಾ,” ಅಂದ ಮುಜಫ್ಫರ. “ನಿನ್ನ ಹೆಸರ ಹಾಕೀನಿ, ನೋಡು.”

“ಹೆಸರ ನನಗ ಬ್ಯಾಡ. ಒಂದು ಅಂದಿ, ಎಣಿಕಿ ಸುರು ಆತು. ಎರಡು... ಯಾರು?”

ಅವನಿಗೆ ಹೊಳೆಯಿತು. ಈಗ ಯಾರ ಹೆಸರು ಬಾಯಿಂದ ಬಿದ್ದರೂ ಅವರನ್ನು ಇದು ಹಿಡಿಯುತ್ತದೆ. ಮೊದಲು ನೆನಪಾದದ್ದೇ ಆರು ವರ್ಷದ ಮಗಳು. ಅಂಗೈಯಿಂದ ಬಾಯಿ ಮುಚ್ಚಿಕೊಂಡು ಮನೆಯ ಕಡೆ ಹೊರಟ.

ಹಿಂದೆ ಕಾಲುಂಗುರ. ಟಿಣ್... ಟಿಣ್... ಅವನು ನಿಂತರೆ ಅದೂ ನಿಲ್ಲುತ್ತಿತ್ತು.

“ಯಾರು? ಹೇಳಲೇ... ಯಾರು?”

ಅಂಗೈಯನ್ನು ಇನ್ನೂ ಒತ್ತಿ ಹಿಡಿದ. ದುಃಖ ಒತ್ತರಿಸಿ ಬಂತು, ಅತ್ತರೆ ಎಲ್ಲಿ ಮಗಳ ಹೆಸರು ಬಾಯಿಗೆ ಬರುತ್ತದೋ ಅಂತ ಅಳಲೂ ಇಲ್ಲ. ಹಾಗೇ ಮನೆ ಮುಟ್ಟಿ ಚಿಲಕ ಬಡಿದ.

ಒಳಗಿನಿಂದ ಹೆಂಡತಿ ಶಹನಾಜ ನಿದ್ದೆಗಣ್ಣಲ್ಲೇ ಮಗಳನ್ನು ಕೂಗಿದಳು.

“ಹೀನಾ, ಅಬ್ಬಾ ಬಂದ್ರು ನೋಡು. ಬಾಗಲಾ ತಗಿ.”

ಕಾಲುಂಗುರದ ಸದ್ದು ನಿಂತಿತು...

“ಸಿಕ್ತು,” ಅಂದಿತು, ಅವನ ಕಿವಿಯ ಪಕ್ಕದಲ್ಲೇ.

ಮರುದಿನ ನೋಡಿದರೆ ಹುಡುಗಿಗೆ ಜ್ವರವಿಲ್ಲ, ನೋವಿಲ್ಲ. ದರ್ಗಾಕ್ಕೂ ಕರೆದೊಯ್ದರು, ದವಾಖಾನೆಗೂ ತೋರಿಸಿದರು. ಕಿವಿ ಚಲೋ ಅದಾವು ಅಂದರು ಡಾಕ್ಟರು. ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಿನ್ನೆ ನಾನೇ ಕರೆದು ನೋಡಿದೆ. ಹೀನಾ ಅಂದರೆ ಆಕೆ ತಿರುಗುವುದೇ ಇಲ್ಲ. ಓಣಿಯಲ್ಲಿ ಯಾರೋ ಮಗ್ಗಿ ಹೇಳುತ್ತಾ ‘ಎರಡು’ ಅಂದದ್ದೇ ತಡ, “ಬಂದೆ ಯವ್ವಾ” ಅಂತ ಎದ್ದು ಬಾಗಿಲ ಕಡೆ ನಡೆದಳು.